ನ್ಯಾಯಾಲಯದ ಆಜ್ಞೆ ಮತ್ತು ದೇವಾಲಯದ ಬಾಗಿಲು

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ದೇವಾಲಯವೊಂದಕ್ಕೆ ನೂರು ವರ್ಷ ತುಂಬಿದ ಸಂತೋಷದ ಸಂದರ್ಭದಲ್ಲಿ ಮದ್ಯ, ಗಾಂಜಾ, ಕೋರ್ಟು, ಸೆರೆಮನೆಗಳ ಮಾತನ್ನೆತ್ತುವುದು ಉಚಿತವೇ ಎಂಬ ಶಂಕೆ ಕೆಲವರ ಮನಸ್ಸಿನಲ್ಲಿ ಮೂಡಬಹುದು. ಆದರೆ ಗೋಷ್ಠಿಯ ವ್ಯವಸ್ಥಾಪಕರು ನಮಗೆ ಒಪ್ಪಿಸಿರುವ ವಿಷಯವೇ ಇದು. ವ್ಯಸನಕ್ಕೆ ಬಿದ್ದು ಅಪರಾಧವೆಸಗಿದವನನ್ನು ನ್ಯಾಯಾಲಯವು ಸೆರೆಮನೆಗೆ ಅಟ್ಟುವ ಬದಲು ಧಾರ್ಮಿಕ ಸಂಸ್ಥೆಯೊಂದು ನಡೆಸುವ ಸುಧಾರಣಾ ಕೇಂದ್ರಕ್ಕೆ ಕಳುಹಿಸಬಹುದೇ? ಕಳುಹಿಸಿದರೆ ಆ ಸಂಸ್ಥೆಯು ಅವನನ್ನು ಯಾವ ಷರತ್ತಿನ ಮೇಲೆ ಸ್ವೀಕರಿಸಬೇಕು? ಮೊದಲನೆಯ ಪ್ರಶ್ನೆಗೆ ಉತ್ತರಿಸಬೇಕಾದವರು ನ್ಯಾಯಾಧೀಶರು. ಎರಡನೆಯದಕ್ಕೆ ಉತ್ತರಿಸಬೇಕಾದವರು ನಾವು. ಆದಕಾರಣ ನಾವು ಎರಡನೆಯದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇವೆ.

ನಮ್ಮ ಶಿರಾ ಸೀಮೆಯಲ್ಲಿ ದೇವರಿಗೂ ಕುಡಿತ ಬಿಡುವುದಕ್ಕೂ ಇರುವ ನಂಟು ಹೊಸದಲ್ಲ. ಪಟ್ಟನಾಯಕನಹಳ್ಳಿಯ ಹೆಸರು ಹೇಳಿದೊಡನೆ ಸುತ್ತಣ ಜನಕ್ಕೆ ನೆನಪಾಗುವುದು ಗುರುಗುಂಡ ಬ್ರಹ್ಮೇಶ್ವರಸ್ವಾಮಿಯ ಮಠ. ಮಠದ ಊರಾದರೇನು, ಕುಡಿತವೇನೂ ಊರ ಹೊರಗೆ ನಿಂತಿಲ್ಲ. ಈಚಲು ಮರದ ಹೆಂಡವನ್ನು ಕಂಡಿದ್ದ ಸೀಮೆ ಇದು, ಸಾರಾಯಿಯನ್ನು ಕಂಡಿತು, 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಬಾಟಲಿಯನ್ನೂ ಪೊಟ್ಟಣವನ್ನೂ ಕಂಡಿತು. ಬಿಡಬೇಕೆಂದು ಮನಸ್ಸಾದವನು ಮನೆದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡುವುದು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಅಯ್ಯಪ್ಪನ ಮಾಲೆ ಧರಿಸಿದವನು ನಲವತ್ತೊಂದು ದಿನ ಅಂಗಡಿಯ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ಇರುಮುಡಿ ಇಳಿಸಿದ ಮರುದಿನವೇ ಹಳೆಯ ಜಾಗದಲ್ಲಿ ಕಾಣಿಸಿಕೊಳ್ಳುವವರೂ ಉಂಟು; ತಪಸ್ಸುಕಾಲವಿಡೀ ಬಾಯಿ ಕಟ್ಟಿ ಪಾಸ್ಖ ಹಬ್ಬದ ಮಧ್ಯಾಹ್ನವೇ ಬಾಯಿ ಬಿಚ್ಚುವ ನಮ್ಮವರೂ ಉಂಟು. ನಗುವುದಾದರೆ ಇಬ್ಬರನ್ನೂ ನೋಡಿ ನಗಬೇಕು. ಆದರೆ ಅಷ್ಟು ದಿನ ಆ ಮನುಷ್ಯ ಬಿಟ್ಟಿದ್ದನೆಂಬುದು ಸಣ್ಣ ಮಾತಲ್ಲ. ಅವನ ಹೆಂಡತಿಯನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ. ಅವನಿಗೆ ಮಾಲೆ ಹಾಕಿದ್ದು ಯಾವ ಅಮಲ್ದಾರನೂ ಅಲ್ಲ. ಅವನೇ ಕೊರಳು ಬಾಗಿಸಿದ್ದನು.

ಇದೇ ಮನೋಧರ್ಮವನ್ನು ಒಂದು ದೊಡ್ಡ ಕಾರ್ಯವಾಗಿ ಬೆಳೆಸಿದವರು ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಬೇಡಿದ್ದು ಅಕ್ಕಿಯನ್ನಲ್ಲ, ಹಣವನ್ನಲ್ಲ. ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ‘ಮಹಾಂತ ಜೋಳಿಗೆ’ ಎಂದು ಅದು ನಾಡಿನಲ್ಲಿ ಹೆಸರಾಯಿತು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವೆಂದು ಗೊತ್ತುಪಡಿಸಿದೆ. ಬೇಡುವವನ ಕೈ ಕೆಳಗಿರುತ್ತದೆ, ಕೊಡುವವನ ಕೈ ಮೇಲಿರುತ್ತದೆ ಎಂಬ ಲೋಕರೂಢಿಯನ್ನು ಸ್ವಾಮಿಗಳು ಇಲ್ಲಿ ಬಹು ಸೂಕ್ಷ್ಮವಾಗಿ ಬಳಸಿಕೊಂಡರೆಂದು ನಮಗೆ ತೋರುತ್ತದೆ. ಕುಡುಕನನ್ನು ಊರೇ ಕೀಳಾಗಿ ಕಾಣುತ್ತಿರುವಾಗ ಮಠಾಧಿಪತಿಯೊಬ್ಬರು ಅವನೆದುರು ಕೈಯೊಡ್ಡಿ ಅವನನ್ನು ದಾನಿಯ ಸ್ಥಾನದಲ್ಲಿ ನಿಲ್ಲಿಸಿದರು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ ಜನಜಾಗೃತಿ ವೇದಿಕೆಯೂ ನಡೆಸುತ್ತಿರುವ ಮದ್ಯವರ್ಜನ ಶಿಬಿರಗಳನ್ನು ನಮ್ಮ ತುಮಕೂರು ಜಿಲ್ಲೆಯ ಜನರೂ ಬಲ್ಲರು. ಭಜನೆ, ಯೋಗ, ಆಪ್ತಸಲಹೆ, ಮನೆಯವರೊಡನೆ ಮಾತುಕತೆ, ಅನಂತರ ಶಿಬಿರ ಮುಗಿಸಿದವರು ಮತ್ತೆ ಮತ್ತೆ ಸೇರುವ ನವಜೀವನ ಸಮಿತಿಗಳು. ಶಿಬಿರಕ್ಕೆ ಬರುವವರಲ್ಲಿ ಎಷ್ಟೋ ಮಂದಿಯನ್ನು ಹೆಂಡತಿ ಮಕ್ಕಳೇ ಒತ್ತಾಯಿಸಿ ಕರೆತಂದಿರುತ್ತಾರೆ. ಆ ಒತ್ತಾಯವೂ ಒತ್ತಾಯವೇ. ಆದರೆ ಮಡದಿಯ ಕಣ್ಣೀರಿಗೂ ಪೋಲೀಸಿನವನ ಬೇಡಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಇನ್ನು ದೂರದ ಒಂದು ಪ್ರಕರಣವನ್ನು ತಮ್ಮ ಮುಂದಿಡುತ್ತೇವೆ. ಬೇಡಿಯನ್ನು ತೋರಿಸಿ ಭಕ್ತಿಗೆ ಕಳುಹಿಸಿದರೆ ಆಗುವುದೇನು ಎಂಬುದನ್ನು ಅದು ನಮ್ಮ ಮನೆಯದೇ ಎಂಬಷ್ಟು ಹತ್ತಿರದಿಂದ ತೋರಿಸುತ್ತದೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 2001ರಲ್ಲಿ ಒಬ್ಬ ಕಥೋಲಿಕ ತರುಣನು ಗಾಂಜಾ ಪ್ರಕರಣವೊಂದರಲ್ಲಿ ತಪ್ಪೊಪ್ಪಿಕೊಂಡನು. ಅಲ್ಲಿ ವ್ಯಸನಿಗಳ ಮೊಕದ್ದಮೆಗಳಿಗಾಗಿಯೇ ಪ್ರತ್ಯೇಕ ನ್ಯಾಯಾಲಯಗಳಿವೆ. ಚಿಕಿತ್ಸೆಯನ್ನು ಪೂರೈಸಿದವನಿಗೆ ಶಿಕ್ಷೆ ತಪ್ಪುತ್ತದೆ. ಈ ತರುಣನನ್ನು ಫ್ಲಿಂಟ್ ನಗರದಲ್ಲಿ ಪೆಂತಕೋಸ್ತ್ ಪಂಥದವರು ನಡೆಸುತ್ತಿದ್ದ ವಸತಿ ಕೇಂದ್ರವೊಂದಕ್ಕೆ ಕಳುಹಿಸಲಾಯಿತು. ಅಲ್ಲಿ ಅವನ ಜಪಸರವನ್ನು ಕಿತ್ತುಕೊಂಡರು, ಪ್ರಾರ್ಥನಾ ಪುಸ್ತಕವನ್ನು ತೆಗೆದಿಟ್ಟರು. ತನ್ನ ಗುರುಗಳನ್ನು ಕಾಣಲು ಅವನಿಗೆ ಅನುಮತಿಯಿರಲಿಲ್ಲ. ಕಥೋಲಿಕ ಧರ್ಮವು ಮಾಟಮಂತ್ರವೆಂದು ಅವನಿಗೆ ಬೋಧಿಸಿದರು. ಮಾದಕವಸ್ತುವಿನ ಚಿಕಿತ್ಸೆಯೆಂಬುದು ಅಲ್ಲಿ ಹೆಸರಿಗೆ ಮಾತ್ರ. ದಿನವಿಡೀ ನಡೆಯುತ್ತಿದ್ದುದು ಆ ಪಂಥದ ಬೋಧನೆ ಮತ್ತು ಆರಾಧನೆ. ತನ್ನನ್ನು ಬೇರೆ ಕೇಂದ್ರಕ್ಕೆ ವರ್ಗಾಯಿಸಬೇಕೆಂದು ಅವನು ಕೇಳಿಕೊಂಡನು. ಕಾರ್ಯಕ್ರಮವನ್ನು ಪೂರೈಸಲಿಲ್ಲವೆಂಬುದೇ ಅವನ ಮೇಲಣ ಆರೋಪವಾಗಿ, ಅವನು ಸೆರೆಮನೆಗೆ ಹೋದನು. ರಾಜ್ಯದ ನ್ಯಾಯಾಲಯಗಳಲ್ಲಿ ಅವನಿಗೆ ಪರಿಹಾರ ದೊರೆಯಲಿಲ್ಲ. 2008ರಲ್ಲಿ, ಶಿಕ್ಷೆಯೆಲ್ಲ ಮುಗಿದು ವರ್ಷಗಳೇ ಕಳೆದ ಮೇಲೆ, ಕೇಂದ್ರ ಸರ್ಕಾರದ ನ್ಯಾಯಾಲಯವೊಂದು ಅವನ ಧಾರ್ಮಿಕ ಸ್ವಾತಂತ್ರ್ಯಕ್ಕೆ ಭಂಗ ಬಂದಿತೆಂದು ತೀರ್ಪು ನೀಡಿತು.

ಜಪಸರವನ್ನು ಕಿತ್ತುಕೊಂಡರೆಂಬ ಮಾತು ಕೇಳಿದೊಡನೆ ಇಲ್ಲಿ ಕುಳಿತಿರುವ ಅನೇಕರ ಮುಖಭಾವ ಬದಲಾದುದನ್ನು ನಾವು ಕಂಡೆವು. ಅದು ಸಹಜವೇ. ಆದರೆ ಇದೇ ಕಥೆಯನ್ನು ತಿರುವಿ ಹೇಳಿದರೆ ಹೇಗೆ? ಪಟ್ಟನಾಯಕನಹಳ್ಳಿಯ ಒಬ್ಬ ಹುಡುಗ. ಕೊರಳಲ್ಲಿ ಲಿಂಗವೋ, ತಾಯಿ ಕಟ್ಟಿದ ತಾಯಿತವೋ ಇದೆ. ಗಾಂಜಾ ಸಮೇತ ಸಿಕ್ಕಿಬಿದ್ದವನನ್ನು ಕೋರ್ಟು ನಮ್ಮ ಸಭೆಯವರು ನಡೆಸುವ ಒಂದು ಆಶ್ರಯಕ್ಕೆ ಕಳುಹಿಸಿದೆ. ಅಲ್ಲಿ ಬೆಳಿಗ್ಗೆ ಬಲಿಪೂಜೆ, ಸಂಜೆ ಜಪಸರ. ತಾಯಿತವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ; ನಾವು ಅಷ್ಟು ಒರಟರಲ್ಲ. ‘ಬಂದು ಸುಮ್ಮನೆ ಕುಳಿತುಕೋ ಮಗು’ ಎಂದಷ್ಟೇ ಹೇಳುತ್ತೇವೆ. ಆದರೆ ತಿಂಗಳ ಕೊನೆಗೆ ನಾವು ಬರೆಯುವ ವರದಿಯ ಮೇಲೆ ತನ್ನ ಬಿಡುಗಡೆ ನಿಂತಿದೆಯೆಂದು ಬಲ್ಲ ಹುಡುಗನಿಗೆ ಆ ಮೆಲುಮಾತೇ ಅಪ್ಪಣೆಯಾಗಿ ಕೇಳಿಸುತ್ತದೆ. ಅವನು ಮೊಣಕಾಲೂರುತ್ತಾನೆ. ಆ ಮೊಣಕಾಲೂರುವಿಕೆ ಯಾರಿಗೆ ಸಂದಿತು? ದೇವರಿಗಲ್ಲ, ಕೋರ್ಟಿಗೆ.

ಅಮೆರಿಕದಲ್ಲಿ ಈ ಪ್ರಶ್ನೆ ಬಹುಕಾಲ ಚರ್ಚೆಗೆ ಬಂದಿತು. 1935ರಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘವು ತಾನು ಮತಪಂಥವಲ್ಲವೆಂದೇ ಹೇಳಿಕೊಳ್ಳುತ್ತದೆ; ಅದರಿಂದ ಬದುಕಿಕೊಂಡವರು ಲೋಕದಲ್ಲೆಲ್ಲ ಇದ್ದಾರೆ, ನಮ್ಮ ದೇಶದಲ್ಲೂ ಇದ್ದಾರೆ. ಆದರೆ ಅದರ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರಿಗೆ ಶರಣಾಗುವುದೂ ಪ್ರಾರ್ಥಿಸುವುದೂ ಸೇರಿವೆ. 1996ರಿಂದೀಚೆಗೆ ಅಲ್ಲಿನ ಹಲವು ಮೇಲ್ಮನವಿ ನ್ಯಾಯಾಲಯಗಳು, ಧರ್ಮಸಂಬಂಧವಿಲ್ಲದ ಬೇರೆ ದಾರಿಯನ್ನು ತೋರಿಸದೆ ಅಪರಾಧಿಯನ್ನು ಅಂಥ ಸಭೆಗೆ ಕಡ್ಡಾಯವಾಗಿ ಕಳುಹಿಸಕೂಡದೆಂದು ತೀರ್ಪಿತ್ತಿವೆ. ಹೀಗೆ ದೂರು ಕೊಟ್ಟವರಲ್ಲಿ ನಾಸ್ತಿಕರಿದ್ದರು. 2007ರ ಒಂದು ಪ್ರಕರಣದಲ್ಲಿ ಹವಾಯಿಯ ಒಬ್ಬ ಬೌದ್ಧನಿದ್ದನು. ನ್ಯೂಯಾರ್ಕಿನ ಒಬ್ಬ ನಾಸ್ತಿಕನು ಹೋರಾಡಿ ಗೆದ್ದಾಗ ಅವನಿಗೆ ಸಂದ ಪರಿಹಾರ ಒಂದೇ ಒಂದು ಡಾಲರು. ಮೊತ್ತ ಸಣ್ಣದು, ತತ್ವ ದೊಡ್ಡದು ಎಂದು ವಕೀಲರು ಸಮಾಧಾನ ಹೇಳಿರಬೇಕು.

ಧರ್ಮದ ಹೆಸರು ಹೊತ್ತ ಕೇಂದ್ರಗಳಲ್ಲಿ ಧರ್ಮವೊಂದೇ ನಡೆಯುತ್ತದೆಂದು ತಿಳಿಯುವುದೂ ತಪ್ಪು. ಓಕ್ಲಹೋಮ ರಾಜ್ಯದ ನ್ಯಾಯಾಲಯಗಳು ವ್ಯಸನಿಗಳನ್ನು ಕಳುಹಿಸುತ್ತಿದ್ದ ಒಂದು ಕ್ರೈಸ್ತ ಪುನರ್ವಸತಿ ಕೇಂದ್ರದ ಸಂಗತಿಯನ್ನು 2017ರಲ್ಲಿ ಪತ್ರಕರ್ತೆಯರಿಬ್ಬರು ಬಯಲಿಗೆಳೆದರು. ಅಲ್ಲಿದ್ದವರು ಹಗಲೆಲ್ಲ ಕೋಳಿಮಾಂಸದ ಕಾರ್ಖಾನೆಯಲ್ಲಿ ದುಡಿಯಬೇಕಿತ್ತು. ಸಂಬಳ ಅವರ ಕೈಗೆ ಬರುತ್ತಿರಲಿಲ್ಲ. ಗಾಯಗೊಂಡು ಕೆಲಸ ಮಾಡಲಾರದವನಿಗೆ ಸೆರೆಮನೆಯ ಬೆದರಿಕೆಯಿತ್ತು. ಸೈಂಟಾಲಜಿ ಎಂಬ ಪಂಥದೊಡನೆ ನಂಟುಳ್ಳ ನಾರ್ಕೊನಾನ್ ಕೇಂದ್ರಗಳದು ಇನ್ನೊಂದು ಬಗೆ. ಫ್ಲೋರಿಡಾದ ನ್ಯಾಯಾಲಯವು ವಸತಿಸಹಿತ ಚಿಕಿತ್ಸೆಯಾಗಲೆಂದು ಆದೇಶಿಸಿದ್ದ ಒಬ್ಬ ತರುಣನನ್ನು ಜಾರ್ಜಿಯಾದ ನಾರ್ಕೊನಾನ್ ಸೇರಿಸಿಕೊಂಡಿತು. ಅದಕ್ಕೆ ವಸತಿ ಚಿಕಿತ್ಸೆ ನೀಡುವ ಪರವಾನಗಿಯೇ ಇರಲಿಲ್ಲ. ಆ ತರುಣನು 2008ರಲ್ಲಿ ಮಾದಕವಸ್ತುವಿನಿಂದಲೇ ತೀರಿಕೊಂಡನು. ಪರವಾನಗಿಯ ಕಾಗದವನ್ನು ಯಾರಾದರೊಬ್ಬರು ಬಿಡಿಸಿ ಓದಿದ್ದರೆ ಸಾಕಾಗಿತ್ತು.

ನಮ್ಮ ದೇಶದ ಕಾಯಿದೆಯು ಈ ವಿಷಯದಲ್ಲಿ ಏನು ಹೇಳುತ್ತದೆ? ಜನರು ಎನ್‌ಡಿಪಿಎಸ್ ಎಂದು ಕರೆಯುವ 1985ರ ಮಾದಕದ್ರವ್ಯ ಕಾಯಿದೆಯ 39ನೆಯ ಕಲಮನ್ನು ನೋಡಿರಿ. ಮಾದಕವಸ್ತುವನ್ನು ಸೇವಿಸಿದ್ದಕ್ಕಾಗಿ, ಅಥವಾ ಅಲ್ಪ ಪ್ರಮಾಣದಲ್ಲಿ ಇಟ್ಟುಕೊಂಡಂಥ ಅಪರಾಧಕ್ಕಾಗಿ ದೋಷಿಯೆನಿಸಿದ ವ್ಯಸನಿಯನ್ನು ಅವನ ವಯಸ್ಸು, ನಡತೆ, ದೇಹಸ್ಥಿತಿ, ಮನಃಸ್ಥಿತಿಗಳನ್ನು ನೋಡಿ ನ್ಯಾಯಾಲಯವು ಕೂಡಲೇ ಶಿಕ್ಷಿಸದೆ ಚಿಕಿತ್ಸೆಗೆ ಬಿಡಬಹುದು. ಗಾಂಜಾದ ಮಟ್ಟಿಗೆ ಅಲ್ಪ ಪ್ರಮಾಣವೆಂದರೆ ಒಂದು ಕಿಲೋಗ್ರಾಮಿನವರೆಗೆ. ಇಲ್ಲಿ ಎರಡು ಮಾತುಗಳನ್ನು ತಾವು ಮನಸ್ಸಿನಲ್ಲಿಡಬೇಕು. ಅವನ ಸಮ್ಮತಿಯಿರಬೇಕು, ಆ ಆಸ್ಪತ್ರೆ ಅಥವಾ ಸಂಸ್ಥೆಯನ್ನು ಸರ್ಕಾರವೇ ನಡೆಸುತ್ತಿರಬೇಕು ಇಲ್ಲವೇ ಮಾನ್ಯಮಾಡಿರಬೇಕು. ಒಂದು ವರ್ಷಕ್ಕೆ ಮೀರದ ಅವಧಿಯೊಳಗೆ ಅವನು ಹಾಜರಾಗಿ ಒಪ್ಪಿಸಬೇಕಾದ ವರದಿಯು ವೈದ್ಯಕೀಯ ಚಿಕಿತ್ಸೆಯ ಫಲವನ್ನು ಕುರಿತದ್ದು. ಭಕ್ತಿಯ ವರದಿಯನ್ನು ಕಾಯಿದೆ ಕೇಳಿಲ್ಲ. ಅದೇ ಕಾಯಿದೆಯ 64ಎ ಕಲಮಿನ ಪ್ರಕಾರ ತಾನಾಗಿಯೇ ಅಂಥ ಚಿಕಿತ್ಸೆಗೆ ಹೋಗಿ ಅದನ್ನು ಪೂರೈಸುವ ವ್ಯಸನಿಯ ಮೇಲೆ ಇಂಥ ಅಪರಾಧಕ್ಕಾಗಿ ಮೊಕದ್ದಮೆಯೇ ನಡೆಯುವಂತಿಲ್ಲ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು.

ಮದ್ಯಕ್ಕೆ ಈ ಕಾಯಿದೆ ಅನ್ವಯಿಸುವುದಿಲ್ಲ. ಅಲ್ಲಿ ನ್ಯಾಯಾಧೀಶರ ಕೈಯಲ್ಲಿರುವುದು 1958ರ ಪ್ರೊಬೇಷನ್ ಕಾಯಿದೆ. ಸನ್ನಡತೆಯ ಮೇಲೆ ಬಿಡುಗಡೆ ಮಾಡುವಾಗ ವಾಸಸ್ಥಳ, ಅಮಲುಪದಾರ್ಥಗಳ ವರ್ಜನೆ ಹಾಗೂ ‘ಇತರ ಯಾವುದೇ ವಿಷಯ’ದ ಬಗ್ಗೆ ಷರತ್ತು ಹಾಕಲು ಅದು ಅವಕಾಶವೀಯುತ್ತದೆ. ಈ ‘ಇತರ ಯಾವುದೇ ವಿಷಯ’ ಎಂಬುದು ಬಹಳ ಅಗಲವಾದ ಬಾಗಿಲು. 2023ರಲ್ಲಿ ಮಹಾರಾಷ್ಟ್ರದ ಮಾಲೇಗಾಂವಿನ ಮ್ಯಾಜಿಸ್ಟ್ರೇಟರೊಬ್ಬರು ಬೀದಿ ಜಗಳದ ಪ್ರಕರಣದಲ್ಲಿ ದೋಷಿಯಾದ ಒಬ್ಬ ಮುಸಲ್ಮಾನನನ್ನು ಇದೇ ಕಾಯಿದೆಯ ಆಶ್ರಯದಲ್ಲಿ ಸೆರೆವಾಸವಿಲ್ಲದೆ ಬಿಟ್ಟರು. ಅವನು ಎರಡು ಗಿಡಗಳನ್ನು ನೆಡಬೇಕು ಮತ್ತು 21 ದಿನ ದಿನಕ್ಕೆ ಐದು ಹೊತ್ತು ನಮಾಜು ಮಾಡಬೇಕೆಂದು ವಿಧಿಸಿದರು. 2019ರಲ್ಲಿ ರಾಂಚಿಯ ನ್ಯಾಯಾಲಯವೊಂದು ಹಿಂದೂ ತರುಣಿಯೊಬ್ಬಳ ಜಾಮೀನಿಗೆ ಕುರಾನಿನ ಐದು ಪ್ರತಿಗಳನ್ನು ಹಂಚಬೇಕೆಂಬ ಷರತ್ತು ಹಾಕಿತು. ಆಕೆ ಒಪ್ಪಲಿಲ್ಲ, ಊರೆಲ್ಲ ಗದ್ದಲವೆದ್ದಿತು, ಕೆಲವೇ ದಿನಗಳಲ್ಲಿ ಷರತ್ತು ರದ್ದಾಯಿತು. ಎರಡೂ ಕಡೆ ನ್ಯಾಯಾಧೀಶರ ಉದ್ದೇಶ ಒಳ್ಳೆಯದೇ ಇರಬಹುದು. ಗಿಡ ನೆಡುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಪ್ರಾರ್ಥನೆಯನ್ನು ಶಿಕ್ಷೆಯ ಪಟ್ಟಿಯಲ್ಲಿ ಸೇರಿಸಿದಾಗ ಮಾತ್ರ, ಆ ಪ್ರಾರ್ಥನೆ ಯಾವ ಧರ್ಮದ್ದೇ ಆಗಿರಲಿ, ಧಾರ್ಮಿಕರೆನಿಸಿಕೊಂಡ ನಾವೇ ಮೊದಲು ಆಕ್ಷೇಪಿಸಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಕುಡಿದು ಸಾರ್ವಜನಿಕ ಸ್ಥಳದಲ್ಲಿ ಅನುಚಿತವಾಗಿ ನಡೆದುಕೊಂಡವನಿಗೆ ಸಮುದಾಯ ಸೇವೆಯ ಶಿಕ್ಷೆಯನ್ನೂ ಹೇಳಿದೆ. ಆ ಸೇವೆಗೆ ಸಂಬಳವಿಲ್ಲ. ನಾಳೆ ಮಠದ ದಾಸೋಹದ ಮನೆಗೋ, ಮಸೀದಿಯ ಅಂಗಳಕ್ಕೋ, ನಮ್ಮ ದೇವಾಲಯದ ಆವರಣಕ್ಕೋ ಅಂಥವನೊಬ್ಬನು ಪೊರಕೆ ಹಿಡಿದು ಬಂದರೆ ಅವನಿಂದ ಏನು ಮಾಡಿಸಬೇಕು, ಏನು ಮಾಡಿಸಬಾರದು ಎಂಬುದನ್ನು ಈಗಲೇ ಯೋಚಿಸಿಡುವುದು ಲೇಸು.

ಇದಕ್ಕೆ ಎದುರು ವಾದವೂ ಇದೆ, ಅದು ಹಗುರವಾದುದಲ್ಲ. ಒಬ್ಬ ತಾಯಿ ಬಂದು ‘ಸ್ವಾಮಿ, ನನ್ನ ಮಗ ಯಾವ ದೇವರಿಗಾದರೂ ಕೈಮುಗಿಯಲಿ, ಬದುಕಿಕೊಂಡರೆ ಸಾಕು’ ಎಂದರೆ ಅವಳಿಗೆ ಸಂವಿಧಾನದ 25ನೆಯ ಅನುಚ್ಛೇದವನ್ನು ಓದಿ ಹೇಳಲಾದೀತೇ? ಸರ್ಕಾರಿ ಹಾಸಿಗೆಗಳು ಕಡಿಮೆ, ಬೆಂಗಳೂರಿನ ನಿಮ್ಹಾನ್ಸ್ ದೂರ, ಖಾಸಗಿ ಕೇಂದ್ರ ದುಬಾರಿ. ಧಾರ್ಮಿಕ ಸಂಸ್ಥೆಯೊಂದು ಅನ್ನ, ಚಾಪೆ, ಮನುಷ್ಯರ ಸಂಗ ಇಷ್ಟನ್ನು ಕೊಟ್ಟರೆ ಅದನ್ನು ಬೇಡವೆನ್ನುವುದು ಹೇಗೆ? ಬೇಡವೆನ್ನಬೇಕಾಗಿಲ್ಲ ಎಂಬುದೇ ನಮ್ಮ ಉತ್ತರ. ತಾಯಿ ಕರೆತಂದ ಮಗನಿಗೆ ಬಾಗಿಲು ತೆರೆದೇ ಇರಲಿ. ಅದೇ ಮಗನು ಕೋರ್ಟಿನ ಕಾಗದ ಹಿಡಿದು ಬಂದಾಗ ಮಾತ್ರ ನಮ್ಮ ಕೈಗೆ ಹೊಸದೊಂದು ಅಧಿಕಾರ ಬಂದಿರುತ್ತದೆ. ಅವನ ಸ್ವಾತಂತ್ರ್ಯದ ಕೀಲಿಕೈ ನಮ್ಮ ಜೇಬಿನಲ್ಲಿರುತ್ತದೆ. ಕೀಲಿಕೈ ಇಟ್ಟುಕೊಂಡವನು ಗುರುವಾಗಲಾರ, ಜೈಲರನಾಗುತ್ತಾನೆ.

ಧರ್ಮಸಭೆಯ ಪರಂಪರೆಯೂ ಹೀಗೆಯೇ ಇದೆ. 1838ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಕಪುಚಿನ್ ಸಭೆಯ ಥಿಯೊಬಾಲ್ಡ್ ಮ್ಯಾಥ್ಯೂ ಎಂಬ ಗುರುಗಳು ಪಾನವರ್ಜನೆಯ ಪ್ರತಿಜ್ಞೆಯನ್ನು ಆರಂಭಿಸಿದರು. ಲಕ್ಷಾಂತರ ಜನ ಪ್ರತಿಜ್ಞೆ ಕೈಗೊಂಡರು. ಡಬ್ಲಿನ್ನಿನ ಕೂಲಿಯಾಳು ಮ್ಯಾಟ್ ಟ್ಯಾಲ್ಬಟ್ 1884ರಲ್ಲಿ ಅಂಥದೇ ಪ್ರತಿಜ್ಞೆ ಮಾಡಿ, ಮೊದಲು ಮೂರು ತಿಂಗಳಿಗೆ ಮಾತ್ರ ಎಂದು ಶುರುಮಾಡಿ, 1925ರಲ್ಲಿ ಸಾಯುವವರೆಗೂ ಮತ್ತೆ ಕುಡಿಯಲಿಲ್ಲ. 1975ರಲ್ಲಿ ಧರ್ಮಸಭೆಯು ಅವನನ್ನು ಪೂಜ್ಯನೆಂದು ಸಾರಿತು. ಅವನನ್ನು ಯಾವ ನ್ಯಾಯಾಧೀಶನೂ ಕಳುಹಿಸಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯೂ ಯಾರನ್ನೂ ಬಲವಂತದಿಂದ ವಿಶ್ವಾಸಕ್ಕೆ ತರಲಾಗದೆಂದು ಸ್ಪಷ್ಟಪಡಿಸಿದೆ.

ಇನ್ನೊಂದು ಎಚ್ಚರಿಕೆ ದೇಹಕ್ಕೆ ಸಂಬಂಧಿಸಿದ್ದು. ಭಕ್ತರು ಇದನ್ನು ಮರೆಯುವುದು ಹೆಚ್ಚು. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸು, ಭ್ರಾಂತಿ ಬರಬಹುದು; ವೈದ್ಯರಿಲ್ಲದಿದ್ದರೆ ಪ್ರಾಣವೂ ಹೋಗಬಹುದು. ಇಲ್ಲದ ಹಾವನ್ನು ಕಂಡು ಅವನು ಕಿರುಚಿದಾಗ ದೆವ್ವ ಹಿಡಿಯಿತೆಂದು ಕಟ್ಟಿಹಾಕಿದವರುಂಟು. ಕಟ್ಟಿಹಾಕುವುದರ ಪರಿಣಾಮವನ್ನು ದೇಶವು 2001ರ ಆಗಸ್ಟ್ 6ರಂದು ಕಂಡಿತು. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸಮೀಪದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾರದೆ ಹೋದರು; 28 ಮಂದಿ ತೀರಿಕೊಂಡರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಹಾಗೂ ಮಾದಕವಸ್ತುಗಳ ದುರ್ಬಳಕೆಯಿಂದಾಗುವ ಮನಃಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಸರಪಳಿ ಹಾಕುವುದನ್ನು ನಿಷೇಧಿಸಿದೆ. ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆ ನೋಂದಣಿಯಾಗಿರಬೇಕೆಂದು ವಿಧಿಸಿದೆ. ಶಿಲುಬೆಯಾಗಲಿ ಧ್ವಜಸ್ತಂಭವಾಗಲಿ ನೋಂದಣಿಪತ್ರಕ್ಕೆ ಬದಲಾಗುವುದಿಲ್ಲ.

ಹಾಗಾದರೆ ಧರ್ಮಕೇಂದ್ರವು ಮಾಡಬಹುದಾದದ್ದೇನು? ನಮ್ಮ ಸೂಚನೆ ದೊಡ್ಡದಲ್ಲ. 39ನೆಯ ಕಲಮಿನಂತೆ ಬಿಡುಗಡೆಯಾಗುವವನು ಮುಚ್ಚಳಿಕೆ ಬರೆದುಕೊಡಬೇಕು; ನ್ಯಾಯಾಲಯ ಬಯಸಿದರೆ ಅದಕ್ಕೆ ಜಾಮೀನುದಾರರೂ ಬೇಕು. ಜಾಮೀನಿಗೆ ನಿಲ್ಲುವವನು ಸಾಮಾನ್ಯವಾಗಿ ತನ್ನ ಜಮೀನಿನ ಪಹಣಿಯನ್ನು ಹಿಡಿದು ಕಟಕಟೆಯ ಮುಂದೆ ಬರಬೇಕಾಗುತ್ತದೆ. ಕುಡುಕನೆಂದೋ ಗಾಂಜಾ ಸೇದುವವನೆಂದೋ ಹೆಸರಾದ ಬಡವರ ಹುಡುಗನಿಗೆ ಸ್ವಂತ ಚಿಕ್ಕಪ್ಪನೂ ಪಹಣಿ ತರುವುದಿಲ್ಲ. ಅಂಥವನಿಗೆ, ಅವನು ಯಾವ ಜಾತಿಯವನೇ ಆಗಲಿ, ಯಾವ ಧರ್ಮದವನೇ ಆಗಲಿ, ಜಾಮೀನು ನಿಲ್ಲಲು ಒಪ್ಪುವ ನಾಲ್ಕು ಜನ ಹಿರಿಯರ ಪಟ್ಟಿಯನ್ನು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಸಿದ್ಧವಾಗಿಡಲಿ. ಚಿಕಿತ್ಸೆಯ ವರದಿ ಕೊಡಬೇಕಾದ ದಿನಾಂಕವನ್ನು ಯಾರಾದರೊಬ್ಬರು ಬರೆದಿಟ್ಟುಕೊಳ್ಳಲಿ. ಅನೇಕರು ಮತ್ತೆ ಸೆರೆ ಸೇರುವುದು ಕುಡಿದದ್ದಕ್ಕಲ್ಲ, ದಿನಾಂಕ ತಪ್ಪಿದ್ದಕ್ಕೆ. ಮನೋಚೈತನ್ಯ ಕಾರ್ಯಕ್ರಮದಂತೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆಗೆ ಗೊತ್ತುಪಡಿಸಿರುವ ದಿನ ಮಂಗಳವಾರ. ಪಟ್ಟನಾಯಕನಹಳ್ಳಿಯಿಂದ ಶಿರಾಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಆ ಹುಡುಗನ ಪಕ್ಕದಲ್ಲಿ ಕುಳಿತು ಹೋಗಿಬರಲು ವಾರಕ್ಕೊಬ್ಬರಂತೆ ಹೆಸರು ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಹೆಸರು ಬರೆದುಕೊಳ್ಳುವ ಪುಸ್ತಕವನ್ನು ಹೊರಬಾಗಿಲ ಬಳಿ ಇಡಲಾಗಿದೆ.